ಮನೆತನದ ಹೆಸರು ಮಾತ್ರ ಹೇಳುವ ಪರೀಕ್ಷೆ

ಅಂಗೈಗಿಂತ ತುಸು ದೊಡ್ಡದಾದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡು ಕುಳಿ. ಒಂದೊಂದು ಕುಳಿಗೂ ಕೆಲವು ಹನಿ ದ್ರವ ಹಾಕಿ, ಅಲುಗಾಡಿಸದೆ ಮುಕ್ಕಾಲು ಗಂಟೆ ಬಿಟ್ಟರೆ ಫಲಿತಾಂಶ ತಾನಾಗಿ ಮೂಡುತ್ತದೆ. ಕೆಲವು ಕುಳಿಗಳಲ್ಲಿ ಕೆಂಪು ರಕ್ತಕಣಗಳು ಜಾರಿ ತಳ ಸೇರಿ, ಅಂಗಿಯ ಗುಂಡಿಯಂತೆ ದುಂಡಗೆ ಕೂತಿರುತ್ತವೆ. ಉಳಿದವುಗಳಲ್ಲಿ ಒಂದಕ್ಕೊಂದು ಅಂಟಿಕೊಂಡು, ತಳದ ತುಂಬ ತೆಳುವಾದ ಕೆಂಪು ಪರದೆ ಹಾಸಿದಂತೆ ಹರಡಿರುತ್ತವೆ. ನೋಡಲು ಸೂಕ್ಷ್ಮದರ್ಶಕ ಬೇಡ, ಬರಿಗಣ್ಣು ಸಾಕು. ಗುಂಡಿಯೋ ಪರದೆಯೋ ಎಂಬ ಈ ಒಂದು ಪ್ರಶ್ನೆಯ ಮೇಲೆ ಇಪ್ಪತ್ತನೆಯ ಶತಮಾನದ ವೈರಾಣು ಶಾಸ್ತ್ರದ ಬಹುದೊಡ್ಡ ಭಾಗ ನಿಂತಿತ್ತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಚರಿತ್ರೆಯೂ ಸಾಕಷ್ಟು ಮಟ್ಟಿಗೆ ಈ ಕುಳಿಗಳಲ್ಲೇ ಬರೆದದ್ದು. ಅದನ್ನು ಓದಿದ ಜಾಗ ಸೊರಬದಿಂದ ನೂರಾರು ಮೈಲಿ ಉತ್ತರಕ್ಕೆ, ಪುಣೆ ಕ್ಯಾಂಪ್‌ನಲ್ಲಿ.

ಈ ಪರೀಕ್ಷೆ ಹುಟ್ಟಿದ್ದು ಒಂದು ಆಕಸ್ಮಿಕದಿಂದ. 1941ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಪ್ರತಿಷ್ಠಾನದ ಪ್ರಯೋಗಾಲಯದಲ್ಲಿ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿ ಕೋಳಿಮೊಟ್ಟೆಯೊಳಗಿನ ಭ್ರೂಣದಲ್ಲಿ ಇನ್‌ಫ್ಲುಯೆಂಜಾ ವೈರಾಣುವನ್ನು ಬೆಳೆಸುತ್ತಿದ್ದ. ಮೊಟ್ಟೆ ಒಡೆದು ದ್ರವ ತೆಗೆಯುವಾಗ ಭ್ರೂಣದ ರಕ್ತನಾಳ ಹರಿದು ರಕ್ತ ಅದರಲ್ಲಿ ಬೆರೆಯಿತು. ಬೆರೆತ ರಕ್ತಕಣಗಳು ಗಂಟುಗಂಟಾದವು. ಸೋಂಕಿಲ್ಲದ ಮೊಟ್ಟೆಯಲ್ಲಿ ಹಾಗಾಗುತ್ತಿರಲಿಲ್ಲ. ಅದೇ ವರ್ಷ ಕೆನಡಾದಲ್ಲಿ ಮೆಕ್ಲೆಲಂಡ್ ಮತ್ತು ಹೇರ್ ಎಂಬಿಬ್ಬರು ಸ್ವತಂತ್ರವಾಗಿ ಇದನ್ನೇ ಕಂಡರು. ವೈರಾಣುವಿನ ಮೈಮೇಲಿನ ಪ್ರೋಟೀನು ರಕ್ತಕಣವನ್ನು ಹಿಡಿಯುತ್ತದೆ. ಒಂದು ವೈರಾಣು ಎರಡು ಕಣಗಳನ್ನು ಹಿಡಿದರೆ ಅವುಗಳ ನಡುವೆ ಸೇತುವೆ ಬಿದ್ದ ಹಾಗೆ. ಲಕ್ಷಾಂತರ ಸೇತುವೆಗಳಾದಾಗ ಕಣಗಳು ಜಾರಿ ತಳ ಸೇರಲಾರವು. ಪರದೆ ಮೂಡುವುದು ಹೀಗೆ.

ಹರ್ಸ್ಟ್ ಇನ್ನೊಂದು ಹೆಜ್ಜೆ ಮುಂದೆ ಹೋದ. ಫ್ಲೂ ಬಂದು ವಾಸಿಯಾದವರ ರಕ್ತದ ಸೀರಂ ಅನ್ನು ಮೊದಲೇ ವೈರಾಣುವಿಗೆ ಬೆರೆಸಿದರೆ ಗಂಟು ಕಟ್ಟುವುದು ನಿಂತುಹೋಗುತ್ತಿತ್ತು. ಸೀರಂನಲ್ಲಿದ್ದ ಪ್ರತಿಕಾಯಗಳು ವೈರಾಣುವಿನ ಕೈಗಳನ್ನು ಮೊದಲೇ ಕಟ್ಟಿಹಾಕಿರುತ್ತಿದ್ದವು. ಅಂದರೆ ಈ ಎರಡನೆಯ ಬಗೆಯ ಪರೀಕ್ಷೆಯಲ್ಲಿ ಕೆಂಪು ಗುಂಡಿ ಕಂಡರೆ, ರಕ್ತ ಕೊಟ್ಟವರು ಆ ವೈರಾಣುವನ್ನು ಎಂದೋ ಎದುರಿಸಿದ್ದಾರೆ ಎಂದು ಅರ್ಥ. ಸೀರಂ ಅನ್ನು ಹತ್ತು ಪಟ್ಟು, ಇಪ್ಪತ್ತು ಪಟ್ಟು, ನಲವತ್ತು ಪಟ್ಟು ಎಂದು ತೆಳುಮಾಡುತ್ತಾ ಹೋಗಿ, ಗುಂಡಿ ಕಾಣುವ ಕೊನೆಯ ಕುಳಿ ಯಾವುದು ಎಂದು ನೋಡಿದರೆ ಪ್ರತಿಕಾಯ ಎಷ್ಟಿದೆ ಎಂಬ ಲೆಕ್ಕವೂ ಸಿಗುತ್ತದೆ.

ಫ್ಲೂ ವೈರಾಣು ಈ ಆಟಕ್ಕೆ ಸುಲಭವಾಗಿ ಒಗ್ಗಿತು. ಸೊಳ್ಳೆ, ಉಣುಗುಗಳಿಂದ ಹರಡುವ ವೈರಾಣುಗಳು ಹಾಗೆ ಒಗ್ಗಲಿಲ್ಲ. ಅವಕ್ಕೆ ದ್ರಾವಣದ ಆಮ್ಲತೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಆಗುತ್ತಿರಲಿಲ್ಲ. ಒಂದೊಂದು ವೈರಾಣುವಿಗೂ ಅದರದೇ ಹದ. ಅದೇ ರಾಕ್‌ಫೆಲರ್ ಪ್ರಯೋಗಾಲಯದ ಜೋರ್ಡಿ ಕಸಾಲ್ಸ್ 1954ರಲ್ಲಿ ಲೆನೋರ್ ಬ್ರೌನ್ ಅವರೊಡನೆ, 1958ರಲ್ಲಿ ಡೆಲ್ಫೀನ್ ಕ್ಲಾರ್ಕ್ ಅವರೊಡನೆ ಇದಕ್ಕೊಂದು ವಿಧಾನ ಕಟ್ಟಿಕೊಟ್ಟರು. ಎಳೆಯ ಇಲಿಮರಿಗಳ ಮಿದುಳಿನಲ್ಲಿ ವೈರಾಣು ಬೆಳೆಸಬೇಕು. ಸಕ್ಕರೆ ದ್ರಾವಣ ಮತ್ತು ಅಸಿಟೋನ್ ಬಳಸಿ ಕೊಬ್ಬಿನಂಶ ತೆಗೆಯಬೇಕು. ಕೋಳಿಯ ಬದಲು ಹೆಬ್ಬಾತಿನ ರಕ್ತಕಣ ಬಳಸಬೇಕು. ಪರೀಕ್ಷಿಸುವ ಸೀರಂ ಅನ್ನು ಕಯೊಲಿನ್ ಎಂಬ ಬಿಳಿ ಜೇಡಿಪುಡಿಯಲ್ಲಿ ಕಲಕಿ ತೊಳೆಯಬೇಕು, ಇಲ್ಲದಿದ್ದರೆ ರಕ್ತದಲ್ಲಿ ಸಹಜವಾಗಿಯೇ ಇರುವ ಕೆಲವು ವಸ್ತುಗಳು ಪ್ರತಿಕಾಯದ ವೇಷ ಹಾಕಿ ಮೋಸ ಮಾಡುತ್ತವೆ. ಅಡುಗೆಯ ಹದದಂತೆ ಕೈಗೆ ಹತ್ತಬೇಕಾದ ಕೆಲಸ. ಹತ್ತಿದ ಮೇಲೆ ಮಾತ್ರ ಅಗ್ಗ, ವೇಗ, ನೂರಾರು ಜನರ ರಕ್ತವನ್ನು ಒಂದೇ ವಾರದಲ್ಲಿ ನೋಡಬಹುದು.

ಇದೇ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೂಡಿ 1952ರಲ್ಲಿ ಪುಣೆಯಲ್ಲಿ ವೈರಸ್ ರಿಸರ್ಚ್ ಸೆಂಟರ್ ಸ್ಥಾಪಿಸಿದವು. ಬೆಂಗಳೂರಿನ ಹಳಬರು ದಂಡು ಅನ್ನುತ್ತಿದ್ದುದನ್ನು ಪುಣೆಯವರು ಕ್ಯಾಂಪ್ ಅನ್ನುತ್ತಾರೆ. ಬ್ರಿಟಿಷರ ಸೈನ್ಯ ಬೀಡುಬಿಟ್ಟಿದ್ದ ಊರಭಾಗ. ಇಂದು ಡಾ. ಅಂಬೇಡ್ಕರ್ ರಸ್ತೆಯಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂಬ ಫಲಕ ಹೊತ್ತಿರುವುದು ಅದೇ ಕೇಂದ್ರ. 1978ರಲ್ಲಿ ಈ ಹೊಸ ಹೆಸರು ಬಂತು. ಪುಣೆಯ ಕೇಂದ್ರ ಒಂಟಿಯಾಗಿರಲಿಲ್ಲ. ಬ್ರೆಜಿಲ್‌ನ ಬೆಲೆಂ, ಟ್ರಿನಿಡಾಡ್, ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗ್, ನೈಜೀರಿಯದ ಇಬಾದಾನ್, ಹೀಗೆ ಉಷ್ಣವಲಯದ ಉದ್ದಕ್ಕೂ ಪ್ರತಿಷ್ಠಾನ ಹೆಣೆದ ಜಾಲದ ಒಂದು ಗಂಟು ಅದು.

ಈ ಜಾಲದ ಹಿಂದೆ ಹಳದಿ ಜ್ವರದ ನೆನಪಿತ್ತು. ಆಫ್ರಿಕ ಮತ್ತು ದಕ್ಷಿಣ ಅಮೆರಿಕದಲ್ಲಿ ಜನರನ್ನು ಕೊಂದ ಆ ಕಾಯಿಲೆ ಏಷ್ಯಾದಲ್ಲಿ ಎಂದೂ ನೆಲೆಯೂರಿಲ್ಲ. ಅದನ್ನು ಹರಡುವ ಈಡಿಸ್ ಸೊಳ್ಳೆ ನಮ್ಮ ಮನೆಯ ಹೂಕುಂಡದಲ್ಲೇ ಇದೆ, ಕಾಡಿನಲ್ಲಿ ಮಂಗಗಳೂ ಇವೆ. ಮತ್ತೇಕೆ ಬರಲಿಲ್ಲ? ಅದರ ಸಂಬಂಧಿಗಳಾದ ಡೆಂಗಿಯಂಥ ವೈರಾಣುಗಳು ಇಲ್ಲಿನವರ ರಕ್ತದಲ್ಲಿ ಮೊದಲೇ ತಡೆ ಕಟ್ಟಿವೆಯೇ ಎಂಬುದು ಒಂದು ಊಹೆ. ಕೇಂದ್ರದ ಮೊದಲ ದೊಡ್ಡ ಕೆಲಸ ದೇಶದ ಹಲವೆಡೆಯ ಜನರ ರಕ್ತ ಸಂಗ್ರಹಿಸಿ ಯಾವ ಯಾವ ವೈರಾಣುಗಳ ಗುರುತು ಇದೆ ಎಂದು ನೋಡುವುದಾಗಿತ್ತು. ಆಗಿನ್ನೂ ರಕ್ತಕಣದ ಪರೀಕ್ಷೆ ಈ ವೈರಾಣುಗಳಿಗೆ ಒಗ್ಗಿರಲಿಲ್ಲ. ಸೀರಂ ಮತ್ತು ವೈರಾಣು ಬೆರೆಸಿ ಇಲಿಗಳಿಗೆ ಚುಚ್ಚಿ, ಯಾವುದು ಬದುಕಿತು ಯಾವುದು ಸತ್ತಿತು ಎಂದು ದಿನಗಟ್ಟಲೆ ಎಣಿಸುತ್ತಿದ್ದರು. ಸ್ಮಿತ್‌ಬರ್ನ್, ಕೆರ್ ಮತ್ತು ಗಾತ್ನೆ 1954ರಲ್ಲಿ ಪ್ರಕಟಿಸಿದ ಆ ಸಮೀಕ್ಷೆಯಲ್ಲಿ ಒಂದು ವಿಚಿತ್ರ ಸಂಗತಿಯಿತ್ತು. ಕಛ್ ಮತ್ತು ಸೌರಾಷ್ಟ್ರದ ಕೆಲವರ ರಕ್ತದಲ್ಲಿ, ರಷ್ಯಾದ ಕಾಡುಗಳ ಉಣುಗುಜನ್ಯ ಮಿದುಳುಜ್ವರಕ್ಕೆ ಹೊಂದುವ ಪ್ರತಿಕಾಯ ಕಂಡಿತು. ಅಂಥ ಕಾಯಿಲೆಯನ್ನು ಇಲ್ಲಿ ಯಾರೂ ನೋಡಿರಲಿಲ್ಲ. ಅದು ಕಡತದಲ್ಲಿ ಉಳಿಯಿತು.

ಮೂರು ವರ್ಷಗಳ ನಂತರ ಆಗಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯಿಂದ ಸುದ್ದಿ ಬಂತು. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮುಸಿಯಗಳೂ ಕೆಂಪು ಮಂಗಗಳೂ ಸತ್ತು ಬೀಳುತ್ತಿವೆ, ಸೌದೆಗೆ, ದರಕಿಗೆ, ದನದ ಹಿಂದೆ ಕಾಡಿಗೆ ಹೋದವರು ಜೋರು ಜ್ವರದಲ್ಲಿ ಮಲಗುತ್ತಿದ್ದಾರೆ. ಹಿಂದಿನ ವರ್ಷವೂ ಅಂಥ ಜ್ವರ ಬಂದಿತ್ತು, ಅದನ್ನು ವಿಷಮಶೀತ ಜ್ವರ ಎಂದುಕೊಂಡಿದ್ದರು. ಕಾಡಿನಲ್ಲಿ ಮಂಗ ಸಾಯುವುದು, ಊರಿನಲ್ಲಿ ಜನ ಮಲಗುವುದು: ದಕ್ಷಿಣ ಅಮೆರಿಕದಲ್ಲಿ ಕೆಲಸ ಮಾಡಿದ ಯಾರಿಗಾದರೂ ಇದು ಹಳದಿ ಜ್ವರದ ಚಿತ್ರ. ಕೇಂದ್ರದ ನಿರ್ದೇಶಕ ಟೆಲ್ಫರ್ಡ್ ವರ್ಕ್, ಪನಾಮಾದ ಕಾಡುಗಳನ್ನು ಬಲ್ಲ ಹೆರಾಲ್ಡ್ ಟ್ರಪಿಡೊ ಮತ್ತು ಅವರ ಸಂಗಡಿಗರು 1957ರ ಮಾರ್ಚ್‌ನಲ್ಲಿ ಶಿವಮೊಗ್ಗಕ್ಕೆ ಬಂದರು. ರಾಜ್ಯದ ಆರೋಗ್ಯ ಇಲಾಖೆಯ ಡಾ. ನರಸಿಂಹಮೂರ್ತಿ ಅವರ ಜೊತೆಗಿದ್ದರು.

ಸತ್ತ ಮಂಗಗಳಿಂದಲೂ ರೋಗಿಗಳ ರಕ್ತದಿಂದಲೂ ವೈರಾಣು ಸಿಕ್ಕಿತು. ಪುಣೆಯಲ್ಲಿ ಇಲಿಮರಿಗಳಲ್ಲಿ ಅದನ್ನು ಬೆಳೆಸಿ ಯಾವ ಗುಂಪಿನದು ಎಂದು ನೋಡಿದಾಗ ಉತ್ತರ ಹಳದಿ ಜ್ವರವಾಗಿರಲಿಲ್ಲ. ಹಳದಿ ಜ್ವರ, ಡೆಂಗಿ, ಜಪಾನೀಸ್ ಎನ್ಸೆಫಲೈಟಿಸ್‌ಗಳ ದೊಡ್ಡ ಮನೆತನಕ್ಕೆ ಸೇರಿದ್ದು ನಿಜ. ಆ ಮನೆತನಕ್ಕೆ ಕಸಾಲ್ಸ್ ‘ಬಿ ಗುಂಪು’ ಎಂದು ಹೆಸರಿಟ್ಟಿದ್ದರು. ಅದರೊಳಗೆ ಇದು ರಷ್ಯಾದ ಉಣುಗು ವೈರಾಣುವಿನ ಕವಲಿಗೆ ಸೇರಿದ ಹೊಸ ಸದಸ್ಯ. ಕಛ್‌ನ ಕಡತ ಇದ್ದಕ್ಕಿದ್ದಂತೆ ಅರ್ಥಪೂರ್ಣವಾಯಿತು. ಸೊಳ್ಳೆ ಹುಡುಕುತ್ತಿದ್ದವರು ಉಣುಗು ಹೆಕ್ಕತೊಡಗಿದರು. ಆ ವರ್ಷ ದಾಖಲಾದ ರೋಗಿಗಳು 466.

ಅದೇ 1957ರ ಮೇ ತಿಂಗಳಲ್ಲಿ ಸಿಂಗಪುರದಿಂದ ಬಂದ ಹಡಗಿನ ಮೂಲಕ ಏಷ್ಯನ್ ಫ್ಲೂ ಮದರಾಸಿಗೆ ಇಳಿದು, ಮುಂದಿನ ಫೆಬ್ರವರಿಯೊಳಗೆ ದೇಶದಲ್ಲಿ 44 ಲಕ್ಷಕ್ಕೂ ಹೆಚ್ಚು ಜನರ ಲೆಕ್ಕಕ್ಕೆ ಸೇರಿತು. ಅದರ ವೈರಾಣುವನ್ನು ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿ ಅಭ್ಯಾಸ ಮಾಡಿದರು. ಹರ್ಸ್ಟ್‌ನ ತಂತ್ರ ಫ್ಲೂವಿನಲ್ಲಿ ತಳಿ ತಳಿಗೂ ವ್ಯತ್ಯಾಸ ಹೇಳುವಷ್ಟು ಚುರುಕು. ಸೊರಬದ ಜ್ವರದಲ್ಲಿ ಅದೇ ತಂತ್ರದ ಸ್ವಭಾವ ಬೇರೆ. ಬಿ ಗುಂಪಿನ ವೈರಾಣುಗಳ ಮೈ ಒಂದನ್ನೊಂದು ಎಷ್ಟು ಹೋಲುತ್ತದೆಯೆಂದರೆ, ಒಂದರ ಪ್ರತಿಕಾಯ ಮತ್ತೊಂದನ್ನೂ ತಡೆಯುತ್ತದೆ. ಮದುವೆಮನೆಯಲ್ಲಿ ಮುಖ ನೋಡಿ ‘ನೀವು ಇಂಥ ಮನೆಯವರಲ್ಲವೇ’ ಎಂದು ಕೇಳುವ ಹಿರಿಯರಿರುತ್ತಾರಲ್ಲ, ಈ ಪರೀಕ್ಷೆಯೂ ಹಾಗೆ. ಮನೆತನ ಥಟ್ಟನೆ ಹೇಳುತ್ತದೆ. ಅಣ್ಣನೋ ತಮ್ಮನೋ ಕೇಳಿದರೆ ತಡವರಿಸುತ್ತದೆ.

ಇದರಿಂದ ಹುಟ್ಟಿದ ಮೊದಲ ತೊಡಕು ಕಾಲದ್ದು. ಒಬ್ಬ ರೋಗಿಯ ಸೀರಂನಲ್ಲಿ ಗುಂಡಿ ಕಂಡಿತು ಎನ್ನಿ. ಅದು ಈಗಿನ ಜ್ವರದ್ದೋ, ಹತ್ತು ವರ್ಷದ ಹಿಂದೆ ಬಂದುಹೋದ ಡೆಂಗಿಯದೋ? ತಟ್ಟೆಗೆ ಗೊತ್ತಿಲ್ಲ. ಅದಕ್ಕೆ ಇದ್ದ ಉಪಾಯ ಒಂದೇ: ಎರಡು ಸಲ ರಕ್ತ ತೆಗೆಯುವುದು. ಜ್ವರದ ಮೊದಲ ದಿನಗಳಲ್ಲಿ ಒಮ್ಮೆ, ಎರಡು ಮೂರು ವಾರ ಕಳೆದು ಇನ್ನೊಮ್ಮೆ. ಎರಡನೆಯದರಲ್ಲಿ ಪ್ರತಿಕಾಯ ಕನಿಷ್ಠ ನಾಲ್ಕು ಪಟ್ಟು ಏರಿದ್ದರೆ ಮಾತ್ರ ಸೋಂಕು ಹೊಸದು. ಹೇಳಲು ಒಂದು ವಾಕ್ಯ. ಮಾಡಲು, ಜ್ವರ ಬಿಟ್ಟು ನಿತ್ರಾಣನಾಗಿ ಮಲಗಿರುವ, ಅಥವಾ ಚೇತರಿಸಿಕೊಂಡು ಗದ್ದೆಗೆ ಹೋಗಿರುವ ಮನುಷ್ಯನ ಮನೆ ಹುಡುಕಿಕೊಂಡು ಮತ್ತೆ ಹೋಗಬೇಕು. ಮೊದಲ ಸಲ ರಕ್ತ ಕೊಟ್ಟದ್ದು ಗುಣವಾಗುವ ಆಸೆಯಿಂದ. ಎರಡನೆಯ ಸಲ ಅವನಿಗೆ ಅದರಿಂದ ಏನೂ ಲಾಭವಿಲ್ಲ. ಈ ಕಾಯಿಲೆಗೆ ನೇರವಾಗಿ ನಾಟುವ ಔಷಧಿ ಅಂದೂ ಇರಲಿಲ್ಲ, ಇಂದೂ ಇಲ್ಲ. ಆದರೂ ಜನ ತೋಳು ಚಾಚಿದರು. ವೈದ್ಯಕೀಯ ಪತ್ರಿಕೆಗಳ ಕೋಷ್ಟಕಗಳಲ್ಲಿ ‘ಜೋಡಿ ಸೀರಂ’ ಎಂದು ತಣ್ಣಗೆ ಕಾಣುವ ಪದದ ಹಿಂದೆ ಇರುವುದು ಈ ಎರಡನೆಯ ಭೇಟಿ, ಮತ್ತು ಅದನ್ನು ಒಪ್ಪಿಕೊಂಡ ಮನೆಯವರು. ಮೊದಲ ವಾರವೇ ತೀರಿಕೊಂಡವರು ಎರಡನೆಯ ರಕ್ತ ಕೊಡಲಾರರು. ಅವರ ಮೊದಲ ರಕ್ತದಲ್ಲಿ ಜೀವಂತ ವೈರಾಣು ಸಿಕ್ಕದೆ ಹೋದರೆ, ಏನಾಗಿ ಸತ್ತರು ಎಂಬುದಕ್ಕೆ ತಟ್ಟೆಯಲ್ಲಿ ಉತ್ತರವಿಲ್ಲ. ಬದುಕಿದವರ ಬಗ್ಗೆಯಷ್ಟೇ ಖಚಿತವಾಗಿ ಮಾತಾಡಬಲ್ಲ ಪರೀಕ್ಷೆ ಅದು.

ಎರಡನೆಯ ತೊಡಕು ಲಸಿಕೆಯದು. ಹೊಸ ವೈರಾಣು ರಷ್ಯಾದ ವೈರಾಣುವಿನ ದಾಯಾದಿ ಎಂದ ಮೇಲೆ, ಅದಕ್ಕೆ ಮಾಡಿದ್ದ ಲಸಿಕೆ ಇದಕ್ಕೂ ಆದೀತು ಎಂದು ಯೋಚಿಸುವುದು ಸಹಜ. ರಷ್ಯಾದ ವೈರಾಣುವನ್ನು ಇಲಿಯ ಮಿದುಳಿನಲ್ಲಿ ಬೆಳೆಸಿ ಫಾರ್ಮಲಿನ್‌ನಲ್ಲಿ ಕೊಂದು ತಯಾರಿಸಿದ ಲಸಿಕೆಯನ್ನು ಐವತ್ತರ ದಶಕದ ಕೊನೆಯಲ್ಲಿ ಶಿವಮೊಗ್ಗದ ಸೋಂಕಿತ ಪ್ರದೇಶದ ಜನರಿಗೆ ಹಾಕಿದರು. 1962ರಲ್ಲಿ ಪ್ರಕಟವಾದ ವರದಿಗಳ ಪ್ರಕಾರ ಅದರಿಂದ ಗಣನೀಯ ರಕ್ಷಣೆ ಸಿಗಲಿಲ್ಲ. ತಟ್ಟೆಯ ಮೇಲೆ ಸಂಬಂಧ ಕಂಡದ್ದು ಸುಳ್ಳಲ್ಲ. ಆದರೆ ರಕ್ತಕಣ ಗಂಟು ಕಟ್ಟುವುದನ್ನು ತಡೆಯುವುದು ಬೇರೆ, ಕಾಡಿನಲ್ಲಿ ಕಚ್ಚಿದ ಉಣುಗಿನಿಂದ ಮೈಯನ್ನು ಕಾಯುವುದು ಬೇರೆ. ಮುಂದೆ ಕ್ಯಾಸನೂರಿನ ವೈರಾಣುವನ್ನೇ ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಲಸಿಕೆ ಮಾಡಬೇಕಾಯಿತು.

ಮೂರನೆಯ ತೊಡಕಿನ ಕಥೆ ಆಕಾಶಕ್ಕೆ ಏರುತ್ತದೆ. ರಷ್ಯಾದ ದಾಯಾದಿ ಸೊರಬಕ್ಕೆ ಹೇಗೆ ಬಂತು? ಚಳಿಗಾಲದಲ್ಲಿ ಉತ್ತರದಿಂದ ಹಾರಿಬರುವ ಹಕ್ಕಿಗಳು ಮೈಮೇಲೆ ಉಣುಗು ಹೊತ್ತು ತಂದಿರಬಹುದೇ? ಈ ಅನುಮಾನದ ಬೆನ್ನು ಹತ್ತಿ 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿ ಅವರ ಮುಂದಾಳ್ತನದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ದೊಡ್ಡ ಯೋಜನೆ ಕೈಗೊಂಡಿತು. ನಂತರ ಅದಕ್ಕೆ ಅಮೆರಿಕದ ಸೈನ್ಯದ ಹಣವೂ ಸೇರಿದಾಗ ಶೀತಲ ಸಮರದ ಆ ಕಾಲದಲ್ಲಿ ಜೈವಿಕ ಅಸ್ತ್ರದ ಗುಮಾನಿ ಎದ್ದಿತು. 1970ರ ದಶಕದಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯೂ ಅದನ್ನು ಕೆದಕಿತು. ಹಕ್ಕಿಗಳು ಈ ವೈರಾಣುವನ್ನು ತಂದವು ಎಂಬುದಕ್ಕೆ ಆಧಾರ ಸಿಗಲಿಲ್ಲ. ಭಾರತದ ವಲಸೆ ಹಕ್ಕಿಗಳ ದಾರಿಯ ಬಗ್ಗೆ ನಮಗಿರುವ ತಿಳಿವಳಿಕೆಯ ಬಹುಭಾಗ ಮಾತ್ರ ಆ ಉಂಗುರಗಳಿಂದ ಬಂತು.

ಉತ್ತರ ನೆಲದಲ್ಲೇ ಇತ್ತು. ಸಾಗರದಲ್ಲಿ ಕ್ಷೇತ್ರಕೇಂದ್ರ ತೆರೆದು ಮಂಗ, ಇಲಿ, ಹೆಗ್ಗಣ, ಹಕ್ಕಿ, ದನ ಹೀಗೆ ಕಾಡಂಚಿನ ಸಕಲ ಜೀವಿಗಳ ರಕ್ತವನ್ನೂ ಉಣುಗನ್ನೂ ಸಂಗ್ರಹಿಸಿದರು. ಯಾವ ಪ್ರಾಣಿಯ ರಕ್ತದಲ್ಲಿ ಗುಂಡಿ ಮೂಡುತ್ತದೆ ಎಂದು ನೋಡಿ ನೋಡಿ ವೈರಾಣು ನೆಲೆಸುವ ಜಾಡು ಹಿಡಿದರು. ಕೊಲಂಬಿಯದಿಂದ ಬಂದಿದ್ದ ಜಾರ್ಜ್ ಬೊಷೆಲ್ 1969ರಲ್ಲಿ ಒಂದು ಮಾತು ಮುಂದಿಟ್ಟರು: ಕಾಡು ಕಡಿದು ಸಾಗುವಳಿ ಹೆಚ್ಚಿ, ದನಗಳು ಕಾಡಂಚಿನಲ್ಲಿ ಮೇಯತೊಡಗಿದಾಗ ಉಣುಗಿಗೆ ಸಮೃದ್ಧ ಆಹಾರ ಸಿಕ್ಕಿತು, ಮೊದಲೇ ಇದ್ದ ವೈರಾಣು ಆಗ ಮನುಷ್ಯನ ಹಾದಿಗೆ ಬಂತು. ರಷ್ಯಾಕ್ಕೆ ಕಣ್ಣು ನೆಟ್ಟಿದ್ದ ಪ್ರಶ್ನೆ ನಮ್ಮ ಹಿತ್ತಲಿಗೆ, ಸೊಪ್ಪಿನ ಬೆಟ್ಟಕ್ಕೆ ಮರಳಿತು.

ಮನೆತನ ಗೊತ್ತು, ವ್ಯಕ್ತಿ ಗೊತ್ತಿಲ್ಲ ಎನ್ನುವ ಸ್ಥಿತಿ ಕೆಲವೆಡೆ ಇಂದಿಗೂ ಹಾಗೇ ಇದೆ. ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ಜನರ ಮೇಲೆ ಪುಣೆಯವರು ನಡೆಸಿ 2002ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಇದೇ ರಕ್ತಕಣದ ಪರೀಕ್ಷೆಯಿಂದ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯಲ್ಲಿ ಮಂಗನ ಕಾಯಿಲೆಯ ವೈರಾಣುವಿಗೆ ಹೊಂದುವ ಪ್ರತಿಕಾಯ ಕಂಡಿತು. ಅಲ್ಲಿ ಮಂಗನ ಕಾಯಿಲೆ ಹಬ್ಬಿದ ದಾಖಲೆಯಿಲ್ಲ.

ಈ ಕೆಲಸ ಮಾಡಿದವರು ತೆತ್ತ ಬೆಲೆಯನ್ನೂ ನೆನೆಯಬೇಕು. ಪರೀಕ್ಷೆಗೆ ವೈರಾಣು ಬೇಕು, ವೈರಾಣುವಿಗೆ ಸೋಂಕಿತ ಮಿದುಳು ಅರೆಯಬೇಕು. ಇಂದಿನ ಸುರಕ್ಷಾ ಕೊಠಡಿಗಳು ಆಗ ಇರಲಿಲ್ಲ. ಮಂಗನ ಕಾಯಿಲೆ ಪುಣೆಯ ಪ್ರಯೋಗಾಲಯದೊಳಗೇ ಸಿಬ್ಬಂದಿಗೆ ತಗುಲಿದ್ದು ದಾಖಲಾಗಿದೆ. ವಿಧಾನ ಕಟ್ಟಿಕೊಟ್ಟ ಕಸಾಲ್ಸ್ ಕೂಡ 1969ರಲ್ಲಿ ಅಮೆರಿಕದ ಯೇಲ್‌ನಲ್ಲಿ ಲಾಸಾ ಜ್ವರದ ವೈರಾಣು ತಗುಲಿ ಸಾವಿನ ಅಂಚಿಗೆ ಹೋದರು. ಅದೇ ಜ್ವರದಿಂದ ಚೇತರಿಸಿಕೊಂಡಿದ್ದ ಒಬ್ಬ ದಾದಿಯ ರಕ್ತದ ಪ್ರತಿಕಾಯ ಕೊಟ್ಟ ಮೇಲೆ ಅವರು ಬದುಕಿದರು. ಬೇರೆಯವರ ಪ್ರತಿಕಾಯಗಳನ್ನು ಅಳೆಯುತ್ತಲೇ ಬಂದವರನ್ನು ಕೊನೆಗೆ ಕಾಪಾಡಿದ್ದು ಬೇರೊಬ್ಬರ ಪ್ರತಿಕಾಯ.

ಎಂಬತ್ತರ ದಶಕದಿಂದ ಎಲೈಸಾ ಬಂತು. ಹೊಸ ಸೋಂಕಿನಲ್ಲಿ ಮೊದಲು ಹುಟ್ಟುವ ಬಗೆಯ ಪ್ರತಿಕಾಯವನ್ನಷ್ಟೇ ಅದು ಹಿಡಿಯುವುದರಿಂದ ಬಹಳಷ್ಟು ಸಲ ಒಂದೇ ರಕ್ತ ಸಾಕು. 2012ರ ಹೊತ್ತಿಗೆ ಮಂಗನ ಕಾಯಿಲೆಗೆ ಪಿಸಿಆರ್ ಪರೀಕ್ಷೆ ಪುಣೆಯಲ್ಲೇ ಸಿದ್ಧವಾಯಿತು. ಅದು ಪ್ರತಿಕಾಯಕ್ಕೆ ಕಾಯದೆ ಜ್ವರದ ಮೊದಲ ದಿನಗಳಲ್ಲೇ ವೈರಾಣುವಿನ ಸ್ವಂತ ಹೆಸರನ್ನು ಓದುತ್ತದೆ. ಅದೇ ಸುಮಾರಿಗೆ ಕಾಯಿಲೆ ಹಳೆಯ ಎಲ್ಲೆ ದಾಟಿ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡದ್ದು ಬೇಗ ಗೊತ್ತಾಗಲು ಈ ವೇಗವೂ ಒಂದು ಕಾರಣ. ಸಾಗರ ತಾಲ್ಲೂಕಿನ ಅರಳಗೋಡು 2019ರಲ್ಲಿ ಸಾವುಗಳನ್ನು ಕಂಡಾಗ, ಉತ್ತರ ಇಪ್ಪತ್ತು ದಿನ ತಡವಾದರೆ ಏನರ್ಥ ಎಂದು ಆ ಊರಿನವರಿಗೆ ವಿವರಿಸಬೇಕಾಗಿಲ್ಲ.

ಹಾಗಾದರೆ ಹೆಬ್ಬಾತಿನ ರಕ್ತದ ತಟ್ಟೆಗೆ ಈಗ ಕೆಲಸವಿಲ್ಲವೇ? ಇದೆ. ಫ್ಲೂ ಲಸಿಕೆ ಎಷ್ಟು ಪ್ರತಿಕಾಯ ಹುಟ್ಟಿಸಿತು ಎಂದು ಜಗತ್ತು ಇಂದಿಗೂ ಅಳೆಯುವುದು ಹರ್ಸ್ಟ್‌ನ ವಿಧಾನದಲ್ಲೇ. ಒಂದು ಪ್ರದೇಶದಲ್ಲಿ ಯಾವ ಮನೆತನದ ವೈರಾಣು ಓಡಾಡಿದೆ ಎಂದು ಅಗ್ಗವಾಗಿ ತಿಳಿಯಲು ಅದು ಈಗಲೂ ಒಳ್ಳೆಯ ದಾರಿ. ಪಿಸಿಆರ್ ಇವತ್ತಿನ ಸೋಂಕನ್ನಷ್ಟೇ ಬಲ್ಲದು; ಎಂದೋ ಬಂದುಹೋದದ್ದನ್ನು ರಕ್ತ ನೆನಪಿಟ್ಟುಕೊಂಡಿದ್ದರೆ ಅದನ್ನು ಕೇಳಿಸುವುದು ಪ್ರತಿಕಾಯದ ಪರೀಕ್ಷೆ.

ಮಂಗನ ಕಾಯಿಲೆಯ ಹಳೆಯ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದ್ದಾರೆ, ಹೊಸದರ ಕೆಲಸ ನಡೆದಿದೆ. ಅದು ಬಂದಾಗ ನಮ್ಮ ಮುಂದೆ ಅಂಕಿಗಳನ್ನು ಇಡುತ್ತಾರೆ: ಇಷ್ಟು ಮಂದಿಯಲ್ಲಿ ಪ್ರತಿಕಾಯ ಏರಿತು ಎಂದು. 1957ರಿಂದ 1962ರವರೆಗಿನ ಐದು ವರ್ಷಗಳು ಶಿವಮೊಗ್ಗದ ಜನರ ತೋಳಿನ ಮೇಲೆ ಕಲಿಸಿದ ಪಾಠ ಆಗ ನೆನಪಿರಬೇಕು. ತಟ್ಟೆಯಲ್ಲಿ ಗುಂಡಿ ಮೂಡಿತೇ ಎಂಬುದು ಮೊದಲ ಪ್ರಶ್ನೆ. ದರಕು ಗುಡಿಸಲು ಕಾಡಿಗೆ ಹೋದವರು ಜ್ವರವಿಲ್ಲದೆ ಮಳೆಗಾಲ ಕಂಡರೇ ಎಂಬುದು ಎರಡನೆಯದು. ಅದರ ಉತ್ತರಕ್ಕೆ ಮತ್ತೆ ಅವರ ಮನೆಗೇ ಹೋಗಬೇಕು.